ಪುಸ್ತಕಕ್ಕೂ ಒಂದು ವಿಳಾಸ

ಮಕ್ಕಳೇ, ನಿಮ್ಮ ಶಾಲೆಯ ಬೀರುವಿನಲ್ಲಿ 200 ಪುಸ್ತಕಗಳಿವೆ ಎಂದುಕೊಳ್ಳಿ. ನಿಮಗೆ ಹಾವುಗಳ ಬಗ್ಗೆ ಇರುವ ಪುಸ್ತಕ ಬೇಕು. ಒಂದೊಂದೇ ಪುಸ್ತಕವನ್ನು ಎತ್ತಿ ನೋಡುತ್ತಾ ಹೋಗುತ್ತೀರಿ. ಒಂದಕ್ಕೆ ಐದು ಸೆಕೆಂಡು ಹಿಡಿದರೆ 1000 ಸೆಕೆಂಡು, ಅಂದರೆ ಸುಮಾರು 17 ನಿಮಿಷದಲ್ಲಿ ಹುಡುಕಾಟ ಮುಗಿಯುತ್ತದೆ. ಪರವಾಗಿಲ್ಲ. ಆದರೆ ದೊಡ್ಡ ಊರಿನ ಗ್ರಂಥಾಲಯದಲ್ಲಿ ಒಂದು ಲಕ್ಷ ಪುಸ್ತಕಗಳಿದ್ದರೆ? ಲೆಕ್ಕ ಹಾಕಿ ನೋಡಿ. ದಿನಕ್ಕೆ ಎಂಟು ಗಂಟೆ ಹುಡುಕಿದರೂ 17 ದಿನ ಸಾಲದು! ಅಷ್ಟು ಹೊತ್ತಿಗೆ ಹಾವಿನ ಮೇಲಿನ ಆಸಕ್ತಿಯೇ ಹೊರಟುಹೋಗಿರುತ್ತದೆ.

ಅದೇ ಗ್ರಂಥಾಲಯದಲ್ಲಿ ಗ್ರಂಥಪಾಲಕರನ್ನು ಕೇಳಿ. ಎರಡು ನಿಮಿಷದಲ್ಲಿ ಪುಸ್ತಕ ನಿಮ್ಮ ಕೈಯಲ್ಲಿರುತ್ತದೆ. ಅವರೇನು ಒಂದು ಲಕ್ಷ ಪುಸ್ತಕಗಳನ್ನು ಬಾಯಿಪಾಠ ಮಾಡಿದ್ದಾರೆಯೇ? ಇಲ್ಲ. ಅಂಚೆಯವರು ಊರಿನ ಎಲ್ಲರ ಮುಖ ನೋಡದೆಯೂ ಕಾಗದ ಮುಟ್ಟಿಸುವುದಿಲ್ಲವೇ? ಹಾಗೆಯೇ ಇದು. ಗ್ರಂಥಾಲಯದಲ್ಲಿ ಪ್ರತಿ ಪುಸ್ತಕಕ್ಕೂ ಒಂದು ವಿಳಾಸವಿರುತ್ತದೆ. ಪುಸ್ತಕದ ಬೆನ್ನಿನ ಕೆಳಭಾಗದಲ್ಲಿ ಅಂಟಿಸಿರುವ ಚಿಕ್ಕ ಚೀಟಿಯೇ ಆ ವಿಳಾಸ. ಆ ಚೀಟಿಯ ಹಿಂದೆ ಸಾಕಷ್ಟು ಗಣಿತವೂ ವಿಜ್ಞಾನವೂ ಇದೆ.

ಸರಪಳಿಯಿಂದ ದಶಮಾಂಶದವರೆಗೆ

ಮುದ್ರಣಯಂತ್ರ ಬರುವ ಮೊದಲು ಪುಸ್ತಕವನ್ನು ಕೈಯಲ್ಲೇ ಬರೆಯಬೇಕಿತ್ತು. ಒಂದು ಪ್ರತಿ ಸಿದ್ಧವಾಗಲು ತಿಂಗಳುಗಟ್ಟಲೆ ಬೇಕು. ಆದ್ದರಿಂದ ಯುರೋಪಿನ ಅನೇಕ ಗ್ರಂಥಾಲಯಗಳಲ್ಲಿ ಪುಸ್ತಕಗಳನ್ನು ಕಬ್ಬಿಣದ ಸರಪಳಿಯಿಂದ ಕಪಾಟಿಗೆ ಕಟ್ಟಿಹಾಕುತ್ತಿದ್ದರು! ಇಂಗ್ಲೆಂಡಿನ ಹೆರೆಫೋರ್ಡ್ ಎಂಬ ಊರಿನ ದೊಡ್ಡ ಚರ್ಚಿನಲ್ಲಿ ಇಂತಹ ಗ್ರಂಥಾಲಯವನ್ನು ಇಂದಿಗೂ ಉಳಿಸಿಕೊಂಡಿದ್ದಾರೆ. ಅಲ್ಲಿ ಪುಸ್ತಕಗಳ ಬೆನ್ನು ಗೋಡೆಯ ಕಡೆಗೆ, ಹಾಳೆಗಳ ಅಂಚು ನಮ್ಮ ಕಡೆಗೆ ಇರುತ್ತದೆ. ಸರಪಳಿಯನ್ನು ರಟ್ಟಿನ ಮುಂದಿನ ಅಂಚಿಗೆ ಬಿಗಿದಿರುವುದರಿಂದ, ಹಾಗೆ ಇಟ್ಟರೆ ಮಾತ್ರ ತೆಗೆಯುವಾಗ ಸಿಕ್ಕಾಗುವುದಿಲ್ಲ.

ಅಚ್ಚಿನ ಪುಸ್ತಕಗಳು ಹೆಚ್ಚಿದಂತೆ ಸರಪಳಿಗಳು ಹೋದವು. ಆದರೆ ಪುಸ್ತಕವನ್ನು ಎಲ್ಲಿಡುವುದು ಎಂಬ ತೊಂದರೆ ಶುರುವಾಯಿತು. ಮೊದಲು ‘ಮೂರನೇ ಬೀರು, ಎರಡನೇ ಖಾನೆ, ಏಳನೇ ಪುಸ್ತಕ’ ಎಂದು ಸಂಖ್ಯೆ ಕೊಡುತ್ತಿದ್ದರು. ಹಾವಿನ ಬಗ್ಗೆ ಹೊಸ ಪುಸ್ತಕವೊಂದು ಬಂದರೆ? ಹಳೆಯ ಹಾವಿನ ಪುಸ್ತಕದ ಪಕ್ಕದ ಎಂಟನೇ ಜಾಗದಲ್ಲಿ ಆಗಲೇ ಯಾವುದೋ ಅಡುಗೆಯ ಪುಸ್ತಕ ಕುಳಿತಿರುತ್ತದೆ. ಹೊಸದು ಇನ್ನೆಲ್ಲೋ ದೂರದ ಬೀರುವಿಗೆ ಹೋಗುತ್ತದೆ.

1876ರಲ್ಲಿ ಅಮೆರಿಕದ ಮೆಲ್ವಿಲ್ ಡ್ಯೂಯಿ ಎಂಬವರು ಇದಕ್ಕೊಂದು ಉಪಾಯ ಪ್ರಕಟಿಸಿದರು. ಸಂಖ್ಯೆಯನ್ನು ಜಾಗಕ್ಕೆ ಕೊಡುವುದು ಬೇಡ, ವಿಷಯಕ್ಕೆ ಕೊಡೋಣ ಎಂಬುದೇ ಆ ಉಪಾಯ. ಜ್ಞಾನವನ್ನೆಲ್ಲ ಹತ್ತು ಭಾಗ ಮಾಡಿ, ಒಂದೊಂದನ್ನೂ ಮತ್ತೆ ಹತ್ತು, ಅದನ್ನೂ ಮತ್ತೆ ಹತ್ತು ಭಾಗ ಮಾಡಿದರು. 500ರಿಂದ 599ರವರೆಗೆ ವಿಜ್ಞಾನ. ಅದರೊಳಗೆ 510 ಗಣಿತ, 520 ಖಗೋಳ, 530 ಭೌತಶಾಸ್ತ್ರ, 540 ರಸಾಯನಶಾಸ್ತ್ರ, 580 ಸಸ್ಯಗಳು, 590 ಪ್ರಾಣಿಗಳು. ಪ್ರಾಣಿಗಳಲ್ಲಿ 598 ಪಕ್ಷಿಗಳು, 599 ಸಸ್ತನಿಗಳು. ಸರೀಸೃಪಗಳು 597.9, ಅವುಗಳಲ್ಲಿ ಹಾವುಗಳು 597.96. ನಿಮ್ಮ ಹಾವಿನ ಪುಸ್ತಕದ ವಿಳಾಸ ಸಿಕ್ಕಿತಲ್ಲವೇ?

ಇಲ್ಲಿ ದಶಮಾಂಶ ಬಿಂದುವಿನ ಕೆಲಸವನ್ನು ಗಮನಿಸಿ. 597 ಮತ್ತು 598ರ ನಡುವೆ ಪೂರ್ಣಸಂಖ್ಯೆ ಇಲ್ಲ. ಆದರೆ ದಶಮಾಂಶಗಳು ಎಷ್ಟು ಬೇಕಾದರೂ ಇವೆ. ಯಾವುದೇ ಎರಡು ದಶಮಾಂಶಗಳ ನಡುವೆ ಇನ್ನೊಂದನ್ನು ತೂರಿಸಬಹುದು ಎಂದು ಗಣಿತದ ತರಗತಿಯಲ್ಲಿ ಕಲಿಯುತ್ತೀರಿ. ಹಾಗಾಗಿ ಎಷ್ಟು ಹೊಸ ವಿಷಯ ಹುಟ್ಟಿದರೂ ಅದರ ನೆಂಟರ ಪಕ್ಕದಲ್ಲೇ ಜಾಗ ಮಾಡಬಹುದು.

ಒಂದು ಸಣ್ಣ ಪರೀಕ್ಷೆ. ಜೇಡಗಳ ಪುಸ್ತಕದ ಸಂಖ್ಯೆ 595.44, ಕೀಟಗಳದು 595.7. ಕಪಾಟಿನಲ್ಲಿ ಯಾವುದು ಮೊದಲು? 44 ದೊಡ್ಡದು, 7 ಚಿಕ್ಕದು ಎಂದು ಕೀಟಗಳನ್ನು ಮೊದಲು ಇಡಬೇಡಿ. ಬಿಂದುವಿನ ನಂತರದ ಮೊದಲ ಅಂಕಿಯನ್ನು ಹೋಲಿಸಿ. 4ಕ್ಕಿಂತ 7 ದೊಡ್ಡದು. ಆದ್ದರಿಂದ ಜೇಡ ಮೊದಲು, ಕೀಟ ಆಮೇಲೆ.

ಮಂಗಳೂರಿನ ಗಣಿತ ಮೇಷ್ಟ್ರು

ಈಗ ನಮ್ಮ ದೇಶದ ಕಥೆಗೆ ಬರೋಣ. 1892ರಲ್ಲಿ ತಮಿಳುನಾಡಿನ ಶಿಯಾಳಿಯಲ್ಲಿ ಹುಟ್ಟಿದ ಎಸ್. ಆರ್. ರಂಗನಾಥನ್ ಅವರು ಗಣಿತ ಓದಿ, 1917ರಲ್ಲಿ ಮಂಗಳೂರಿನ ಸರ್ಕಾರಿ ಕಾಲೇಜಿನಲ್ಲಿ ಪಾಠ ಹೇಳಲು ಸೇರಿದರು. ಅನಂತರ ಕೊಯಮತ್ತೂರು, ಮದರಾಸು. 1924ರಲ್ಲಿ ಮದರಾಸು ವಿಶ್ವವಿದ್ಯಾಲಯದ ಗ್ರಂಥಪಾಲಕರಾದರು. ಮೊದಲ ಕೆಲವು ದಿನ ಆ ಕೆಲಸ ಅವರಿಗೆ ಸ್ವಲ್ಪವೂ ಹಿಡಿಸಲಿಲ್ಲವಂತೆ. ಹುಡುಗರಿಲ್ಲದ, ಸದ್ದಿಲ್ಲದ ಕೋಣೆ. ಹಿಂದಕ್ಕೆ ಬಂದು ಪಾಠ ಮಾಡುತ್ತೇನೆ ಎಂದು ಹೊರಟಿದ್ದರು. ಒಮ್ಮೆ ಇಂಗ್ಲೆಂಡಿಗೆ ಹೋಗಿ ಅಲ್ಲಿನ ಗ್ರಂಥಾಲಯಗಳನ್ನು ನೋಡಿ ಬನ್ನಿ, ಆಮೇಲೂ ಬೇಡವೆನಿಸಿದರೆ ಕಾಲೇಜಿಗೆ ಬನ್ನಿ ಎಂದು ಹಿರಿಯರು ಹೇಳಿದರು.

ಲಂಡನ್ನಿನಲ್ಲಿ ಅವರು ಗ್ರಂಥಾಲಯ ಶಾಸ್ತ್ರ ಕಲಿಯುತ್ತಾ ಹತ್ತಾರು ಗ್ರಂಥಾಲಯಗಳನ್ನು ಸುತ್ತಿದರು. ಆಗ ಅವರನ್ನು ಒಂದು ಪ್ರಶ್ನೆ ಕಾಡುತ್ತಿತ್ತು. ಡ್ಯೂಯಿ ಅವರ ಪದ್ಧತಿ ಮೊದಲೇ ಖಾನೆ ಮಾಡಿಟ್ಟ ಬೀರುವಿನಂತೆ. ಇರುವ ಖಾನೆಯೊಳಗೆ ವಿಷಯ ಕೂರಬೇಕು. ಎರಡು ಮೂರು ವಿಷಯಗಳು ಬೆರೆತ ಪುಸ್ತಕ ಬಂದರೆ ಯಾವ ಖಾನೆಗೆ ಹಾಕುವುದು? ‘ಕಬ್ಬಿನ ಬೆಳೆಗೆ ಬರುವ ಕೀಟಗಳು’ ಎಂಬ ಪುಸ್ತಕ ಕೃಷಿಯೋ, ಕೀಟಶಾಸ್ತ್ರವೋ?

ಒಂದು ದಿನ ಅವರು ಲಂಡನ್ನಿನ ದೊಡ್ಡ ಅಂಗಡಿಯೊಂದಕ್ಕೆ ಹೋದರು. ಅಲ್ಲಿ ಮೆಕ್ಯಾನೋ ಎಂಬ ಆಟಿಕೆಯನ್ನು ತೋರಿಸುತ್ತಿದ್ದರು. ತೂತುಗಳಿರುವ ಲೋಹದ ಪಟ್ಟಿಗಳು, ಚಕ್ರಗಳು, ಒಂದಿಷ್ಟು ನಟ್ಟು ಬೋಲ್ಟು, ಅಷ್ಟೇ. ಅವೇ ತುಂಡುಗಳನ್ನು ಒಂದು ಸಲ ಹೀಗೆ ಜೋಡಿಸಿದರೆ ಸೇತುವೆ, ಬಿಚ್ಚಿ ಇನ್ನೊಂದು ಸಲ ಜೋಡಿಸಿದರೆ ಕ್ರೇನು, ಮತ್ತೊಂದು ಸಲ ಗಾಡಿ. ರಂಗನಾಥನ್ ಅವರಿಗೆ ಅಲ್ಲೇ ಹೊಳೆಯಿತು. ವಿಷಯಗಳನ್ನೂ ಹೀಗೆಯೇ ತುಂಡುಗಳಿಂದ ಜೋಡಿಸಬಹುದಲ್ಲ! ಖಾನೆಗಳನ್ನು ಮೊದಲೇ ಮಾಡಿಡುವ ಬದಲು ತುಂಡುಗಳನ್ನು ಸಿದ್ಧವಾಗಿಟ್ಟರೆ ಸಾಕು. ಆಟಿಕೆಯನ್ನು ಎಷ್ಟೋ ಜನ ನೋಡಿದ್ದರು. ತಲೆಯಲ್ಲಿ ಒಂದು ಪ್ರಶ್ನೆ ಇಟ್ಟುಕೊಂಡು ನೋಡಿದವರಿಗೆ ಅದು ಉತ್ತರವಾಯಿತು.

ತಮ್ಮ ಪದ್ಧತಿಯನ್ನು ಅವರು 1933ರಲ್ಲಿ ಪ್ರಕಟಿಸಿದರು. ತುಂಡುಗಳನ್ನು ಜೋಡಿಸುವ ‘ನಟ್ಟು ಬೋಲ್ಟು’ ಆಗಿ ಅವರು ಬಳಸಿದ್ದು ಕೋಲನ್ ಎಂಬ ಎರಡು ಚುಕ್ಕಿಯ ಗುರುತನ್ನು. ಆದ್ದರಿಂದ ಅದಕ್ಕೆ ದ್ವಿಬಿಂದು ವರ್ಗೀಕರಣ ಎಂಬ ಹೆಸರು. ಮುಂದೆ ಅಲ್ಪವಿರಾಮ, ಅರ್ಧವಿರಾಮ, ಚುಕ್ಕಿಗಳನ್ನೂ ಸೇರಿಸಿಕೊಂಡರು. ಯಾವ ಪುಸ್ತಕವೇ ಬರಲಿ, ಅದಕ್ಕೆ ಐದು ಪ್ರಶ್ನೆ ಕೇಳಬೇಕು. ಮುಖ್ಯವಾಗಿ ಯಾವುದರ ಬಗ್ಗೆ? ಯಾವ ವಸ್ತು ಅಥವಾ ಗುಣ? ಏನು ಕ್ರಿಯೆ? ಎಲ್ಲಿ? ಯಾವಾಗ?

ಗ್ರಂಥಾಲಯ ಶಾಸ್ತ್ರ ಓದುವವರಿಗೆಲ್ಲ ಗೊತ್ತಿರುವ ಒಂದು ಉದಾಹರಣೆ ಹೀಗಿದೆ:

ಎಲ್,45;421:6;253:ಎಫ್.44'ಎನ್5

ನೋಡಿದರೆ ಗುಪ್ತಲಿಪಿಯಂತಿದೆ, ಅಲ್ಲವೇ? ಬಿಡಿಸೋಣ. ‘ಎಲ್’ ಎಂದರೆ ವೈದ್ಯಶಾಸ್ತ್ರ. 45 ಶ್ವಾಸಕೋಶ. 421 ಕ್ಷಯರೋಗ. 6 ಚಿಕಿತ್ಸೆ. 253 ಕ್ಷ-ಕಿರಣ. ‘ಎಫ್’ ಸಂಶೋಧನೆ. 44 ಭಾರತ. ‘ಎನ್5’ ಎಂದರೆ 1950ನೆಯ ಇಸವಿ. ಒಟ್ಟಿನಲ್ಲಿ, 1950ರಲ್ಲಿ ಭಾರತದಲ್ಲಿ ಶ್ವಾಸಕೋಶದ ಕ್ಷಯಕ್ಕೆ ಕ್ಷ-ಕಿರಣದ ಚಿಕಿತ್ಸೆ ಕುರಿತು ನಡೆದ ಸಂಶೋಧನೆ. ಒಂದಿಡೀ ವಾಕ್ಯವೇ ಒಂದು ಸಾಲಿನ ಸಂಕೇತದೊಳಗೆ ಕುಳಿತಿದೆ. ನೀರಿನ ಅಣುವನ್ನು ಎಚ್2ಒ ಎಂದು ಬರೆದಂತೆಯೇ ಇದು.

ನಿಜ ಹೇಳಬೇಕೆಂದರೆ, ಬರೆಯಲು ಇದು ಸುಲಭವಲ್ಲ. ಅದಕ್ಕೇ ಇಂದಿಗೂ ಹೆಚ್ಚಿನ ಗ್ರಂಥಾಲಯಗಳು ಡ್ಯೂಯಿ ಪದ್ಧತಿಯನ್ನೇ ಅನುಸರಿಸುತ್ತವೆ. ಆದರೆ ರಂಗನಾಥನ್ ಅವರ ಐಡಿಯಾ ಬೇರೊಂದು ಕಡೆ ಬದುಕಿದೆ. ಮನೆಯಲ್ಲಿ ಅಕ್ಕ ಮೊಬೈಲಿನಲ್ಲಿ ಚೂಡಿದಾರ ಹುಡುಕುವುದನ್ನು ನೋಡಿದ್ದೀರಾ? ಬಣ್ಣ ಯಾವುದು, ಅಳತೆ ಎಷ್ಟು, ಬಟ್ಟೆ ಹತ್ತಿಯದೋ ರೇಷ್ಮೆಯದೋ, ಬೆಲೆ ಎಷ್ಟರೊಳಗೆ ಎಂದು ಒಂದೊಂದನ್ನೇ ಒತ್ತುತ್ತಾ ಹೋದಂತೆ ಸಾವಿರ ಬಟ್ಟೆಗಳು ಹತ್ತಕ್ಕೆ ಇಳಿಯುತ್ತವೆ. ವಸ್ತುವನ್ನು ಒಂದೇ ಖಾನೆಗೆ ಹಾಕದೆ ಅದರ ಹಲವು ಮುಖಗಳಿಂದ ಹುಡುಕುವ ಈ ಕ್ರಮವೇ ರಂಗನಾಥನ್ ಅವರು ಗ್ರಂಥಾಲಯಕ್ಕೆ ತಂದ ಕ್ರಮ.

ಎತ್ತಿನಗಾಡಿಯಲ್ಲಿ ಬಂದ ಗ್ರಂಥಾಲಯ

ವಿಳಾಸ ಬರೆದಿಟ್ಟು ಬಾಗಿಲಿಗೆ ಬೀಗ ಹಾಕಿದರೆ ಏನು ಪ್ರಯೋಜನ? 1931ರಲ್ಲಿ ರಂಗನಾಥನ್ ಗ್ರಂಥಾಲಯಗಳಿಗೆ ಐದು ನಿಯಮಗಳನ್ನು ಹೇಳಿದರು. ಪುಸ್ತಕ ಇರುವುದು ಕಾದಿಡುವುದಕ್ಕಲ್ಲ, ಉಪಯೋಗಿಸುವುದಕ್ಕೆ ಎಂಬುದು ಮೊದಲನೆಯದರ ಸಾರ. ಓದುವವರ ಸಮಯ ಹಾಳಾಗಬಾರದು ಎನ್ನುವುದು ಇನ್ನೊಂದು. ಗ್ರಂಥಾಲಯ ಜೀವಿಯಂತೆ ಬೆಳೆಯುತ್ತಲೇ ಇರುತ್ತದೆ ಎನ್ನುವುದು ಮತ್ತೊಂದು. ಅದೇ 1931ರಲ್ಲಿ ಮದರಾಸು ಪ್ರಾಂತ್ಯದ ಮನ್ನಾರ್‌ಗುಡಿಯಲ್ಲಿ ಎತ್ತಿನಗಾಡಿಯ ಗ್ರಂಥಾಲಯ ಶುರುವಾಯಿತು. ಗಾಡಿಯ ಮೇಲೆ ಕಪಾಟು ಕಟ್ಟಿ, ಹಳ್ಳಿಯಿಂದ ಹಳ್ಳಿಗೆ ಪುಸ್ತಕ ಒಯ್ಯುತ್ತಿದ್ದರು. ತಂತ್ರಜ್ಞಾನ ಎಂದರೆ ಕಂಪ್ಯೂಟರ್ ಮಾತ್ರ ಎಂದು ತಿಳಿಯಬೇಡಿ. ಆ ಕಾಲದ ಆ ಹಳ್ಳಿಗೆ ತಕ್ಕ ತಂತ್ರಜ್ಞಾನ ಎರಡು ಎತ್ತು, ಎರಡು ಚಕ್ರ.

ರಂಗನಾಥನ್ ಅವರು ತಮ್ಮ ಕೊನೆಯ ವರ್ಷಗಳನ್ನು ಬೆಂಗಳೂರಿನಲ್ಲಿ ಕಳೆದರು. 1962ರಲ್ಲಿ ಇಲ್ಲಿ ಪ್ರಲೇಖನ ಸಂಶೋಧನೆ ಮತ್ತು ತರಬೇತಿ ಕೇಂದ್ರ ಆರಂಭವಾದದ್ದು ಅವರಿಂದಲೇ. 1972ರಲ್ಲಿ ಬೆಂಗಳೂರಿನಲ್ಲೇ ತೀರಿಕೊಂಡರು. ಅವರ ನೆನಪಿಗೆ ಆಗಸ್ಟ್ 12ನ್ನು ಗ್ರಂಥಪಾಲಕರ ದಿನವೆಂದು ಆಚರಿಸುತ್ತಾರೆ.

ಶಾಲೆಗಳಿಗೆ ಹೋದಾಗ ನಾನು ಬೀಗ ಹಾಕಿದ ಪುಸ್ತಕದ ಬೀರುಗಳನ್ನು ಬಹಳ ನೋಡಿದ್ದೇನೆ. ಕಾರಣ ಕೇಳಿದರೆ ಉತ್ತರ ಸಿದ್ಧ: ಪುಸ್ತಕ ಕಳೆದರೆ ದಾಸ್ತಾನು ವಹಿಯಲ್ಲಿ ಲೆಕ್ಕ ತಪ್ಪುತ್ತದೆ. ಮೇಷ್ಟ್ರುಗಳ ಕಷ್ಟವೂ ನಿಜವೇ, ಲೆಕ್ಕ ಕೇಳುವುದು ಅವರನ್ನೇ. ಆದರೆ ಮುಚ್ಚಿದ ಬೀರುವಿನೊಳಗೂ ಪುಸ್ತಕ ಸುಮ್ಮನೆ ಇರುವುದಿಲ್ಲ. ಗಾಳಿಯಾಡದ ಕತ್ತಲಲ್ಲಿ ತೇವ ಸೇರುತ್ತದೆ, ಬೂಷ್ಟು ಹಿಡಿಯುತ್ತದೆ, ಕಾಗದದ ಸೆಲ್ಯುಲೋಸನ್ನು ಗೆದ್ದಲು ತಿನ್ನುತ್ತದೆ. ದಿನವೂ ಕೈ ಬದಲಾಯಿಸುವ ಪುಸ್ತಕಕ್ಕೆ ಗೆದ್ದಲು ಹತ್ತುವುದನ್ನು ನಾನು ಕಂಡಿಲ್ಲ. ಹತ್ತು ಮಕ್ಕಳು ಓದಿ ಹರಿದ ಪುಸ್ತಕವೇ, ಯಾರೂ ಓದದೆ ಗೆದ್ದಲು ತಿಂದ ಪುಸ್ತಕಕ್ಕಿಂತ ಮೇಲು. ಕೀಲಿಕೈಯನ್ನು ಮಕ್ಕಳ ತಂಡಕ್ಕೇ ಕೊಟ್ಟು, ವಿತರಣಾ ವಹಿಯನ್ನು ಅವರಿಂದಲೇ ಬರೆಸುವ ಶಾಲೆಗಳೂ ಇವೆ. ನಿಮ್ಮ ಶಾಲೆಯಲ್ಲಿ ಇನ್ನೂ ಹಾಗಿಲ್ಲದಿದ್ದರೆ ಮುಖ್ಯೋಪಾಧ್ಯಾಯರನ್ನು ಕೇಳಿ ನೋಡಿ. ಊರಿನ ಗ್ರಾಮ ಪಂಚಾಯಿತಿ ಗ್ರಂಥಾಲಯವನ್ನೂ ಮರೆಯಬೇಡಿ. 2020ರಲ್ಲಿ ‘ಓದುವ ಬೆಳಕು’ ಕಾರ್ಯಕ್ರಮ ಶುರುವಾದಾಗ 6ರಿಂದ 18 ವರ್ಷದ ಮಕ್ಕಳಿಗೆ ಅಲ್ಲಿ ಉಚಿತ ಸದಸ್ಯತ್ವ ಕೊಡಲಾಯಿತು.

ಕಪ್ಪು ಗೆರೆ, ಬಿಳಿ ಗೆರೆ

ಈಗ ಒಂದು ಪುಸ್ತಕದ ಹಿಂದಿನ ರಟ್ಟನ್ನು ನೋಡಿ. ಕಪ್ಪು ಗೆರೆಗಳ ಒಂದು ಪಟ್ಟಿ, ಅದರ ಜೊತೆ 13 ಅಂಕಿಗಳ ಸಂಖ್ಯೆ ಕಾಣುತ್ತದೆ. ಗೆರೆಗಳು ಬಾರ್‌ಕೋಡ್. ಅಂಕಿಗಳು ಅಂತರರಾಷ್ಟ್ರೀಯ ಪ್ರಮಾಣಿತ ಪುಸ್ತಕ ಸಂಖ್ಯೆ, ಅಂದರೆ ಐಎಸ್‌ಬಿಎನ್. 2007ಕ್ಕೆ ಮೊದಲು ಇದರಲ್ಲಿ 10 ಅಂಕಿಗಳಿದ್ದವು. ಭಾರತದಲ್ಲಿ ಪ್ರಕಟವಾದ ಪುಸ್ತಕಗಳಲ್ಲಿ ಸಾಮಾನ್ಯವಾಗಿ 978ರ ನಂತರ 81 ಅಥವಾ 93 ಇರುತ್ತದೆ.

ಬಾರ್‌ಕೋಡಿನ ಕಥೆ ಸಮುದ್ರತೀರದ ಮರಳಿನಲ್ಲಿ ಹುಟ್ಟಿತು. ಅಮೆರಿಕದ ಜೋಸೆಫ್ ವುಡ್‌ಲ್ಯಾಂಡ್ ಅವರು ಬಾಲ್ಯದಲ್ಲಿ ಸ್ಕೌಟ್‌ನಲ್ಲಿದ್ದಾಗ ತಂತಿ ಕಳಿಸುವ ಮೋರ್ಸ್ ಸಂಕೇತ ಕಲಿತಿದ್ದರು. ಅದರಲ್ಲಿ ಬರೀ ಚುಕ್ಕಿ ಮತ್ತು ಗೀಟು. ಮರಳಿನ ಮೇಲೆ ಕುಳಿತು ಆ ಚುಕ್ಕಿ ಗೀಟುಗಳನ್ನು ಬೆರಳಿನಿಂದ ಕೆಳಕ್ಕೆ ಎಳೆದರು. ದಪ್ಪ ಗೆರೆ, ಸಣ್ಣ ಗೆರೆ ಮೂಡಿದವು. 1952ರಲ್ಲಿ ಅವರಿಗೂ ಗೆಳೆಯ ಬರ್ನಾರ್ಡ್ ಸಿಲ್ವರ್ ಅವರಿಗೂ ಪೇಟೆಂಟ್ ಸಿಕ್ಕಿತು. ಆದರೆ ಅಂಗಡಿಯಲ್ಲಿ ಈಗಿನ ಮಾದರಿಯ ಬಾರ್‌ಕೋಡನ್ನು ಮೊದಲು ಓದಿಸಿದ್ದು 1974ರಲ್ಲಿ, ಒಂದು ಚೂಯಿಂಗ್ ಗಮ್ ಪೊಟ್ಟಣದ ಮೇಲೆ!

ಗ್ರಂಥಾಲಯದ ಸ್ಕ್ಯಾನರಿನಿಂದ ಕೆಂಪು ಬೆಳಕು ಬರುವುದನ್ನು ನೀವು ನೋಡಿರಬಹುದು. ಬಿಳಿ ಭಾಗ ಆ ಬೆಳಕನ್ನು ಹಿಂದಕ್ಕೆ ಕಳಿಸುತ್ತದೆ, ಕಪ್ಪು ಗೆರೆ ಹೀರಿಕೊಳ್ಳುತ್ತದೆ. ಹಿಂದಿರುಗಿದ ಬೆಳಕು ಜಾಸ್ತಿ, ಕಡಿಮೆ, ಜಾಸ್ತಿ, ಕಡಿಮೆ ಎಂದು ಬದಲಾಗುವುದನ್ನು ಯಂತ್ರ ವಿದ್ಯುತ್ ಸಂಕೇತವಾಗಿ ಮಾಡಿ ಅಂಕಿಗಳಾಗಿ ಓದುತ್ತದೆ. ಗೆರೆಗಳನ್ನು ಕೆಂಪು ಬಣ್ಣದಲ್ಲಿ ಏಕೆ ಅಚ್ಚು ಹಾಕುವುದಿಲ್ಲ? ಬಿಳಿ ಹಾಳೆಯ ಮೇಲೆ ಕೆಂಪು ಪೆನ್ನಿನಿಂದ ಗೆರೆ ಎಳೆಯಿರಿ. ಮಿಠಾಯಿ ಸುತ್ತುವ ಕೆಂಪು ಪಾರದರ್ಶಕ ಕಾಗದದ ಮೂಲಕ ನೋಡಿ. ಗೆರೆ ಬಹುಮಟ್ಟಿಗೆ ಮಾಯ! ಕೆಂಪು ಬೆಳಕಿಗೆ ಕೆಂಪೂ ಬಿಳಿಯೂ ಒಂದೇ. ಸ್ಕ್ಯಾನರಿನ ಪಾಡೂ ಅದೇ.

ಒಂದು ವಿಷಯ ಗೊಂದಲವಾಗಬಾರದು. ಐಎಸ್‌ಬಿಎನ್ ಒಂದು ಪುಸ್ತಕದ ಆ ಮುದ್ರಣದ ಎಲ್ಲ ಪ್ರತಿಗಳಿಗೂ ಒಂದೇ. ನಿಮ್ಮ ಕೈಯಲ್ಲಿರುವ ಪ್ರತಿಯನ್ನು ಗುರುತಿಸಲು ಗ್ರಂಥಾಲಯ ತನ್ನದೇ ಬೇರೆ ಸಂಖ್ಯೆ ಕೊಡುತ್ತದೆ. ‘ಹಸು’ ಎಂಬುದು ಜಾತಿಯ ಹೆಸರು, ‘ಗೌರಿ’ ಎಂಬುದು ನಿಮ್ಮ ಮನೆಯ ಹಸುವಿನ ಹೆಸರು. ಹಾಗೆ.

ಕಂಪ್ಯೂಟರಿಗೆ ತಿಳಿಯದ ಹಕ್ಕಿ

ಕಂಪ್ಯೂಟರ್ ಬಂದ ಮೇಲೆ ಇಷ್ಟೆಲ್ಲ ವಿಳಾಸ, ಚೀಟಿ ಯಾಕೆ, ಹೆಸರು ಒತ್ತಿದರೆ ಸಿಗುವುದಿಲ್ಲವೇ ಎಂದು ಕೇಳುತ್ತೀರಿ. ಪುಸ್ತಕದ ಹೆಸರು ಗೊತ್ತಿದ್ದರೆ ಖಂಡಿತ ಸಿಗುತ್ತದೆ, ಕ್ಷಣಾರ್ಧದಲ್ಲಿ. ಗೊತ್ತಿಲ್ಲದಿದ್ದರೆ? ‘ಹಕ್ಕಿ’ ಎಂದು ಒತ್ತಿದಿರಿ ಅನ್ನಿ. ಅಕ್ಷರಗಳನ್ನಷ್ಟೇ ಹೋಲಿಸುವ ಕಂಪ್ಯೂಟರ್, ಹೆಸರಿನಲ್ಲಿ ಆ ಅಕ್ಷರಗಳಿರುವ ಪುಸ್ತಕಗಳನ್ನು ಮಾತ್ರ ತೋರಿಸುತ್ತದೆ. ಹೆಸರಿನಲ್ಲಿ ‘ಪಕ್ಷಿ’ ಎಂದಿರುವುದು, ‘ಬಾನಾಡಿ’ ಎಂದಿರುವುದು, ಬರೀ ‘ಗುಬ್ಬಚ್ಚಿ’ ಎಂದಿರುವುದು ತಪ್ಪಿಹೋಗುತ್ತವೆ. ಇವೆಲ್ಲ ಒಂದೇ ಬಳಗ ಎಂದು ಅದಕ್ಕೆ ಯಾರಾದರೂ ಹೇಳಿಕೊಡಬೇಕು. ಗ್ರಂಥಪಾಲಕರು ಎಲ್ಲಕ್ಕೂ 598 ಎಂದು ಬರೆದಿದ್ದರೆ ಆ ಕೆಲಸ ಆಗಲೇ ಮುಗಿದಿದೆ. ಈಗಿನ ಹೊಸ ಹುಡುಕು ಯಂತ್ರಗಳು ಅರ್ಥವನ್ನೂ ಊಹಿಸಲು ಕಲಿಯುತ್ತಿವೆ, ನಿಜ. ಕನ್ನಡದ ಹಳೆಯ ಕಡತಗಳ ಮುಂದೆ ಮಾತ್ರ ಅವು ತಡವರಿಸುತ್ತವೆ. ಯೂನಿಕೋಡ್ ಬಳಕೆಗೆ ಬರುವ ಮೊದಲಿನ ಫಾಂಟುಗಳಲ್ಲಿ ಪರದೆಯ ಮೇಲೆ ಕಾಣುವುದು ಕನ್ನಡವಾದರೂ ಒಳಗೆ ಕುಳಿತಿರುವುದು ಇಂಗ್ಲಿಷ್ ಅಕ್ಷರಗಳ ಸಂಕೇತ. ಪರಿವರ್ತನೆ ಮಾಡದೆ ಅದರಲ್ಲಿ ‘ಹಕ್ಕಿ’ ಸಿಗುವುದಿಲ್ಲ.

ಇನ್ನೊಂದು ಲಾಭ ನನಗೆ ಬಹಳ ಇಷ್ಟ. ಹಾವಿನ ಪುಸ್ತಕ ತೆಗೆಯಲು 597.96ರ ಬಳಿ ಹೋಗುತ್ತೀರಿ. ಪಕ್ಕದಲ್ಲೇ ಹಲ್ಲಿ, ಆಮೆ, ಮೊಸಳೆ. ನೀವು ಕೇಳಿರಲೇ ಇಲ್ಲ, ಆದರೂ ಕೈ ಅತ್ತ ಹೋಗುತ್ತದೆ. ಕಂಪ್ಯೂಟರ್ ಕೇಳಿದ್ದನ್ನು ಕೊಡುತ್ತದೆ. ಕಪಾಟು ಕೇಳದಿದ್ದನ್ನೂ ತೋರಿಸುತ್ತದೆ.

ಯಾರೂ ಕೇಳದಿದ್ದ ಪುಸ್ತಕವೊಂದು ಮೈಸೂರಿನಲ್ಲಿ ಸಿಕ್ಕ ಕಥೆ ಗೊತ್ತೇ? ಮೈಸೂರಿನ ಸರ್ಕಾರಿ ಪ್ರಾಚ್ಯ ಗ್ರಂಥಾಲಯದಲ್ಲಿ ಗ್ರಂಥಪಾಲಕರಾಗಿದ್ದ ಆರ್. ಶಾಮಶಾಸ್ತ್ರಿಗಳ ಕೈಗೆ 1905ರಲ್ಲಿ ಒಂದು ತಾಳೆಗರಿಯ ಕಟ್ಟು ಬಂತು. ತಂಜಾವೂರು ಕಡೆಯ ಪಂಡಿತರೊಬ್ಬರು ಕೊಟ್ಟದ್ದು, ಗ್ರಂಥ ಲಿಪಿಯಲ್ಲಿತ್ತು. ಗರಿಗಳನ್ನು ಓದಿ ನೋಡಿದರೆ ಅದು ಕೌಟಿಲ್ಯನ ಅರ್ಥಶಾಸ್ತ್ರ! ಬೇರೆ ಗ್ರಂಥಗಳಲ್ಲಿ ಅದರ ಹೆಸರಿತ್ತು. ಪುಸ್ತಕವೇ ಕಳೆದುಹೋಗಿದೆ ಎಂದು ವಿದ್ವಾಂಸರು ತಿಳಿದಿದ್ದರು. 1909ರಲ್ಲಿ ಶಾಸ್ತ್ರಿಗಳು ಅದನ್ನು ಅಚ್ಚು ಹಾಕಿಸಿದರು. ಅವರು ಆ ಕಟ್ಟನ್ನು ಬಿಚ್ಚಿ ಓದದೆ ‘ತಾಳೆಗರಿ, ಒಂದು ಕಟ್ಟು’ ಎಂದು ಬರೆದು ಬೀರುವಿನಲ್ಲಿ ಇಟ್ಟುಬಿಟ್ಟಿದ್ದರೆ?

ನೀವೇ ಮಾಡಿ ನೋಡಿ

1. ನಿಮ್ಮ ತರಗತಿಯ ಓದುವ ಮೂಲೆಯಿಂದ 30 ಪುಸ್ತಕ ತೆಗೆದುಕೊಳ್ಳಿ. ಐದೈದು ಮಕ್ಕಳ ಎರಡು ತಂಡ ಮಾಡಿ. ಮೊದಲ ತಂಡ ಅವುಗಳನ್ನು ತನಗೆ ತೋಚಿದಂತೆ ಗುಂಪು ಮಾಡಿ, ಪ್ರತಿ ಗುಂಪಿಗೂ ಒಂದು ಬಣ್ಣದ ಚೀಟಿ ಅಂಟಿಸಲಿ. ಎರಡನೇ ತಂಡ ಗುಂಪು ಮಾಡದೆ, ಪ್ರತಿ ಪುಸ್ತಕಕ್ಕೂ ‘ಯಾವುದರ ಬಗ್ಗೆ, ಎಲ್ಲಿ, ಯಾವಾಗ’ ಎಂಬ ಮೂರು ಪ್ರಶ್ನೆಗೆ ಉತ್ತರವಾಗಿ ಮೂರು ಅಕ್ಷರಗಳ ಸಂಕೇತವನ್ನು ವಹಿಯಲ್ಲಿ ಬರೆದುಕೊಳ್ಳಲಿ. ಸಂಕೇತಗಳನ್ನು ನೀವೇ ಹುಟ್ಟುಹಾಕಿ. ಆಮೇಲೆ ಮೇಷ್ಟ್ರು ಒಂದು ವಿಷಯ ಹೇಳಲಿ. ಯಾವ ತಂಡ ಬೇಗ ಹುಡುಕುತ್ತದೆ? ಎಲ್ಲಿ ಜಗಳ ಬಂತು? ಜಗಳ ಬಂದ ಪುಸ್ತಕವನ್ನು ಬೇರೆಯಾಗಿಟ್ಟು, ಅದು ಯಾಕೆ ಒಂದೇ ಗುಂಪಿಗೆ ಸೇರುವುದಿಲ್ಲ ಎಂದು ಬರೆಯಿರಿ.

2. ಈ ಐಎಸ್‌ಬಿಎನ್ ನೋಡಿ: 9780306406157. ಕೊನೆಯ ಅಂಕಿ 7 ಕಾವಲುಗಾರ. ಮೊದಲ ಹನ್ನೆರಡು ಅಂಕಿಗಳನ್ನು ಎಡದಿಂದ ಕ್ರಮವಾಗಿ 1, 3, 1, 3 ಎಂದು ಗುಣಿಸಿ ಕೂಡಿ:

9+21+8+0+3+0+6+12+0+18+1+15 = 93

ಇದಕ್ಕೆ ಕೊನೆಯ 7 ಸೇರಿಸಿದರೆ 100. ಮೊತ್ತ ಹತ್ತರ ಅಪವರ್ತ್ಯವಾಗಿದ್ದರೆ ಸಂಖ್ಯೆ ಸರಿ. ಟೈಪು ಮಾಡುವಾಗ ಯಾವುದೇ ಒಂದು ಅಂಕಿ ತಪ್ಪಿದರೂ ಮೊತ್ತ ಕೆಡುತ್ತದೆ, ಕಂಪ್ಯೂಟರ್ ಒಪ್ಪುವುದಿಲ್ಲ. ನಿಮ್ಮ ಬಳಿ ಇರುವ ಪುಸ್ತಕಗಳ ಸಂಖ್ಯೆಗಳನ್ನೂ ಹೀಗೆ ಪರೀಕ್ಷಿಸಿ.

ಆದರೆ ಪಕ್ಕಪಕ್ಕದ ಎರಡು ಅಂಕಿಗಳು ಅದಲುಬದಲಾದರೆ? ಹೆಚ್ಚಿನ ಸಲ ಕಾವಲುಗಾರ ಹಿಡಿಯುತ್ತಾನೆ, ಎಲ್ಲ ಸಲವಲ್ಲ. ಮೇಲಿನ ಸಂಖ್ಯೆಯಲ್ಲಿ ಪಕ್ಕಪಕ್ಕದ ಜೋಡಿಗಳು ಹನ್ನೆರಡು ಇವೆ. ಅವುಗಳಲ್ಲಿ ಒಂದೇ ಒಂದು ಜೋಡಿಯನ್ನು ಅದಲುಬದಲು ಮಾಡಿದರೆ ಮೊತ್ತ ಹತ್ತರ ಅಪವರ್ತ್ಯವಾಗಿಯೇ ಉಳಿದು ತಪ್ಪು ನುಸುಳಿಬಿಡುತ್ತದೆ. ಯಾವುದು ಆ ಜೋಡಿ? ಆ ಎರಡು ಅಂಕಿಗಳ ನಡುವಿನ ವ್ಯತ್ಯಾಸ ಎಷ್ಟು? ಬೇರೆ ಯಾವ ಯಾವ ಜೋಡಿಗಳು ಹೀಗೆ ತಪ್ಪಿಸಿಕೊಳ್ಳಬಲ್ಲವು ಎಂದು ಪಟ್ಟಿ ಮಾಡಿ, ನಿಮ್ಮ ಗಣಿತ ಶಿಕ್ಷಕರಿಗೆ ತೋರಿಸಿ.